ತಾರೀಖಿಲ್ಲದ ಚೀಟಿ

ಇವತ್ತು ಪದವಿ ಪಡೆದ ಫಿಸಿಯೋಥೆರಪಿ ಮತ್ತು ದೈಹಿಕ ಶಿಕ್ಷಣದ ಗೆಳೆಯರೆ,

ಹೈದರಾಬಾದಿನ ನಾರಾಯಣಗೂಡದಲ್ಲಿ ಕನ್ನಡದಲ್ಲೇ ಮಾತಾಡಿ ಎಂದಿರಿ. ಸಂತೋಷ. 1956ರವರೆಗೆ ಬೀದರ, ಕಲಬುರಗಿ, ರಾಯಚೂರಿನವರಿಗೆ ರಾಜಧಾನಿ ಎಂದರೆ ಈ ಊರೇ. ಇಲ್ಲಿನ ಮೇಲ್ಕೋಟೆ ಪಾರ್ಕಿಗೆ ಹೆಸರು ಕೊಟ್ಟ ಡಾ. ಜಿ.ಎಸ್. ಮೇಲ್ಕೋಟೆ ವೈದ್ಯರು, 1957ರಲ್ಲಿ ಲೋಕಸಭೆಗೆ ಆರಿಸಿಹೋದದ್ದು ನಮ್ಮ ರಾಯಚೂರಿನಿಂದ. ಬೆಳಗ್ಗೆ ಆ ಪಾರ್ಕಿನಲ್ಲಿ ಸುತ್ತು ಹಾಕುವಾಗ ನನ್ನದೊಂದು ತಪ್ಪು ನೆನಪಾಯಿತು. ಇಂಥ ದಿನ ಸಾಧನೆಗಳನ್ನು ಹೇಳುವುದು ವಾಡಿಕೆ. ನಿಮ್ಮ ಕೆಲಸಕ್ಕೆ ಬರುವುದು ನನ್ನ ತಪ್ಪೇ.

ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ತೂತಿದ್ದ ಹುಡುಗನೊಬ್ಬ. ಆಪರೇಷನ್ ಆಯಿತು, ತೂತು ಮುಚ್ಚಿತು. ಶಾಲೆಗೆ ಒಂದು ಚೀಟಿ ಬರೆದುಕೊಟ್ಟೆ: ‘ಪಿ.ಟಿ. ತರಗತಿಯಿಂದ ವಿನಾಯಿತಿ ಕೊಡಿ.’ ಎದೆಯ ಮೂಳೆ ಕೂಡುವವರೆಗೆ, ಎರಡು ಮೂರು ತಿಂಗಳು ಸಾಕು ಎಂಬುದು ನನ್ನ ತಲೆಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಹತ್ತು ವರ್ಷದ ಮೇಲೆ ಅವನು ಮತ್ತೆ ಬಂದ. ಮೀಸೆ ಚಿಗುರಿತ್ತು, ಹೊಟ್ಟೆ ಬಂದಿತ್ತು, ಒಂದು ಮಹಡಿ ಹತ್ತಿದರೆ ಏದುಸಿರು. ತಾಯಿ ಚೀಲದಿಂದ ನನ್ನ ಚೀಟಿ ತೆಗೆದರು. ಲ್ಯಾಮಿನೇಷನ್ ಮಾಡಿಸಿದ್ದರು! “ನೀವು ಹೇಳ್ದಂಗ ಒಂದಿನಾನೂ ಓಡ್ಸಿಲ್ರಿ ಸರ.”

ಎಕೋ ನೋಡಿದೆ. ಹೃದಯ ಚೆನ್ನಾಗಿತ್ತು. ಕೆಟ್ಟಿದ್ದು ಕಾಲು, ಉಸಿರು, ಮತ್ತು ಧೈರ್ಯ. ಅವನ್ನು ಕೆಡಿಸಿದ್ದು ರೋಗವಲ್ಲ, ನನ್ನ ಚೀಟಿ.

ಸಾವಿರ ಮಕ್ಕಳು ಹುಟ್ಟಿದರೆ ಎಂಟೊಂಬತ್ತು ಮಕ್ಕಳ ಹೃದಯದಲ್ಲಿ ಹುಟ್ಟಿನಿಂದಲೇ ಏನಾದರೊಂದು ದೋಷ. 2003ರಲ್ಲಿ ಲಾಹೋರ್–ದೆಹಲಿ ಬಸ್ಸಿನಲ್ಲಿ ಬಂದು ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಮಾಡಿಸಿಕೊಂಡ ಪಾಕಿಸ್ತಾನದ ಮಗುವಿಗಾಗಿ ಎರಡೂ ದೇಶಗಳ ಜನ ಹರಸಿದರು. ನಾನೂ ಪತ್ರಿಕೆಯಲ್ಲಿ ಓದಿ ಕಣ್ಣೊರೆಸಿಕೊಂಡೆ. ಆ ಮಗು ಮುಂದೆ ಕುಂಟೆಬಿಲ್ಲೆ ಆಡಿತೇ ಎಂದು ಮಾತ್ರ ನನಗೆ ಹೊಳೆಯಲೇ ಇಲ್ಲ. ನಮ್ಮ ಡಾಕ್ಟರುಗಳ ಲೆಕ್ಕ ಹೊಲಿಗೆ ಬಿಚ್ಚುವ ದಿನಕ್ಕೆ ಮುಗಿಯುತ್ತದೆ. ನಿಮ್ಮದು ಅಲ್ಲಿಂದ ಶುರು.

ಆಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಮಕ್ಕಳ ಮೈಯೇ ನಮಗಿಂತ ಜಾಣ. ಫ್ಯಾಲೋ ಎಂಬ ಹೃದಯದೋಷವಿರುವ ನೀಲಿ ತುಟಿಯ ಮಗು ಆಡುತ್ತಾ ಆಡುತ್ತಾ ಫಕ್ಕನೆ ಕುಕ್ಕರಗಾಲಲ್ಲಿ ಕೂರುತ್ತದೆ. ಕಾಲಿನ ರಕ್ತನಾಳಗಳು ಮಡಚಿ ಒತ್ತಿದಾಗ ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ತಿರುಗುತ್ತದೆ, ನೀಲಿ ಇಳಿಯುತ್ತದೆ. ಯಾರೂ ಕಲಿಸಿದ್ದಲ್ಲ. ಬಾಲ್ಟಿಮೋರಿನಲ್ಲಿ ಮಕ್ಕಳ ಹೃದಯತಜ್ಞೆ ಹೆಲೆನ್ ಟಾಸಿಗ್ ಇಂಥ ಮಕ್ಕಳ ಬಗ್ಗೆ ತಲೆಕೆಡಿಸಿಕೊಂಡದ್ದರಿಂದಲೇ 1944ರಲ್ಲಿ ನೀಲಿ ಮಕ್ಕಳಿಗಾಗಿ ಆ ಮೊದಲ ಆಪರೇಷನ್ ಆಯಿತು. ಅದೇ ದೋಷದೊಂದಿಗೆ ಹುಟ್ಟಿದ ಅಮೆರಿಕದ ಶಾನ್ ವೈಟ್ ಹಿಮದ ಮೇಲೆ ಜಾರುವ ಆಟದಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ. ಎಲ್ಲರೂ ಹಾಗಾಗಬೇಕಿಲ್ಲ ಬಿಡಿ. ಓಣಿಯ ಹುಡುಗರು ಲಗೋರಿಗೆ ಕರೆದರೆ ಸಾಕು.

ಇನ್ನು ಹೃದಯದಲ್ಲಿ ಒಂದೇ ಕೆಳಕೋಣೆಯಿರುವ ಮಕ್ಕಳು. ಫಾಂಟಾನ್ ಆಪರೇಷನ್ ಆದ ಮೇಲೆ ಅವರ ಶ್ವಾಸಕೋಶಕ್ಕೆ ರಕ್ತ ನೂಕುವ ಪಂಪೇ ಇರುವುದಿಲ್ಲ. ಆ ಕೆಲಸದಲ್ಲಿ ಉಸಿರಾಟ ಒಂದು ಕೈ ಹಾಕುತ್ತದೆ, ಮೀನಖಂಡ ಇನ್ನೊಂದು. ಗೆಳೆಯರೆ, ಅವರ ಕಾಲು ಬಲಪಡಿಸಿದರೆ ನೀವು ಹೃದಯಕ್ಕೇ ಹೆಗಲು ಕೊಟ್ಟ ಹಾಗೆ. ಇದನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಬೇಡ ಎನ್ನಲೇಬೇಕಾದವರೂ ಇದ್ದಾರೆ. ಮಹಾಪಧಮನಿ ಹಿಗ್ಗಿದವನು ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವನಿಗೆ ಕಬಡ್ಡಿ ಬೇಡ. ನೀಲಿ ಮಗುವನ್ನು ಹೈದರಾಬಾದಿನ ಏಪ್ರಿಲ್ ಬಿಸಿಲಲ್ಲಿ ನೀರಿಲ್ಲದೆ ನಿಲ್ಲಿಸಬೇಡಿ. ಓಡುವಾಗ ತಲೆಸುತ್ತಿ ಬಿದ್ದ ಮಗುವನ್ನು ಅವತ್ತೇ ಹೃದಯತಜ್ಞರಿಗೆ ತೋರಿಸಿ. ಆದರೆ ‘ಬೇಡ’ ಎಂದ ಬಾಯಿ ಯಾವುದು ಬೇಡ, ಎಷ್ಟು ದಿನ ಬೇಡ, ಅದರ ಬದಲು ಯಾವುದು ಆಗಬಹುದು ಎಂಬುದನ್ನೂ ಹೇಳಲಿ. ಅಂಥ ಚೀಟಿ ನಿಮ್ಮ ಕೈಗೆ ಬಂದರೆ ಮೊದಲು ತಾರೀಖು ನೋಡಿ. ಇಲ್ಲದಿದ್ದರೆ ಬರೆದ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಡುಕಿದರೂ ಫೋನ್ ಇಡಬೇಡಿ.

ಅವತ್ತು ಆ ಹುಡುಗನನ್ನು ಆಸ್ಪತ್ರೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿದೆವು. ಕೊನೆಯ ಸುತ್ತಿನಲ್ಲಿ ನನ್ನ ಕಡೆ ತಿರುಗಿ, “ಸರ, ಓಡ್ಲೇನ್ರಿ?” ಎಂದ. ನಾನು ಬಾಯಿ ತೆರೆಯುವ ಮೊದಲೇ ತಾಯಿ, “ಮೆಲ್ಲಕ ಹೋಗಪ್ಪ” ಅಂದರು. ಹೋಗಬೇಡ ಅನ್ನಲಿಲ್ಲ.

ನಾಳೆ ಬೆಳಗ್ಗೆ ಆರಕ್ಕೆ ಮೇಲ್ಕೋಟೆ ಪಾರ್ಕಿನಲ್ಲಿ ಇರುತ್ತೇನೆ. ಬರುವವರು ಬನ್ನಿ, ಮಾತಾಡುತ್ತಾ ನಡೆಯೋಣ. ಮಾತಾಡಲು ಆಗದಿದ್ದರೆ ವೇಗ ಹೆಚ್ಚಾಯಿತು ಅಂತ. ಯಾರಾದರೂ ಆರಾಮಾಗಿ ಹಾಡತೊಡಗಿದರೆ ಇನ್ನೊಂದಿಷ್ಟು ಜೋರಾಗಿ ಹೆಜ್ಜೆ ಹಾಕೋಣ.