ಮೆದುಳು ಓದುವ ಯಂತ್ರ: ಪ್ರಶ್ನೆ ಕೇಳುವವರಿಗೆ ಹಣ ಕೊಡುವವರಾರು?

(ಭಾಷಣದ ಬರಹ ರೂಪ)



ವಿಜ್ಞಾನದ ವಿಷಯವೆಂದಾಕ್ಷಣ ಅದು ನಮಗೆ ಸಂಬಂಧಿಸಿದ್ದಲ್ಲ, ತಜ್ಞರು ನೋಡಿಕೊಳ್ಳಲಿ ಎಂದು ಸುಮ್ಮನಾಗುವ ರೂಢಿ ನಮ್ಮಲ್ಲಿದೆ. ಆದರೆ ಮೆದುಳಿನ ವಿಜ್ಞಾನವು ನಮ್ಮ ಅನುಮತಿ ಕೇಳದೆಯೇ ಈ ಹಿಂದೆ ನಮ್ಮ ಮನೆಬಾಗಿಲಿಗೆ ಬಂದಿತ್ತು. ಅದೂ ಪೊಲೀಸ್ ಜೀಪಿನಲ್ಲಿ. 2006ರ ಮಾಲೇಗಾಂವ್ ಸ್ಫೋಟದ ಆರೋಪದಲ್ಲಿ ಬಂಧಿತರಾದ ಮುಸ್ಲಿಮರಲ್ಲಿ ಕೆಲವರನ್ನು ನಾರ್ಕೋ ಪರೀಕ್ಷೆಗೆ ಒಳಪಡಿಸಲಾಗಿತ್ತು. 2016ರಲ್ಲಿ ಮುಂಬೈಯ ವಿಶೇಷ ನ್ಯಾಯಾಲಯವು ಅವರನ್ನು ಆರೋಪಮುಕ್ತಗೊಳಿಸಿತು. ನಡುವೆ ಕಳೆದದ್ದು ಹತ್ತು ವರ್ಷ!

ನಾರ್ಕೋದಲ್ಲಿ ಚುಚ್ಚುಮದ್ದಾದರೂ ಇದೆ. ಬ್ರೈನ್ ಮ್ಯಾಪಿಂಗ್‌ನಲ್ಲಿ ಅದೂ ಇಲ್ಲ. ತಲೆಗೆ ವಿದ್ಯುದ್ವಾರಗಳ ಟೋಪಿ ತೊಡಿಸಿ ಅಪರಾಧಕ್ಕೆ ಸಂಬಂಧಿಸಿದ ವಾಕ್ಯಗಳನ್ನು ಒಂದೊಂದಾಗಿ ಕೇಳಿಸುತ್ತಾರೆ. ಆರೋಪಿ ಬಾಯಿ ತೆರೆಯಬೇಕಾಗಿಲ್ಲ. ಆತ ಆ ಕೃತ್ಯವನ್ನು ಸ್ವತಃ ಅನುಭವಿಸಿದ್ದಾನೆಯೇ ಎಂಬುದನ್ನು ಮೆದುಳಿನ ಅಲೆಗಳೇ ಹೇಳುತ್ತವೆ ಎಂಬುದು ಇದರ ಪ್ರತಿಪಾದನೆ. 'ಬಿಯೋಸ್' ಎಂಬ ಈ ವಿಧಾನವನ್ನು ರೂಪಿಸಿದವರು ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಸಿ.ಆರ್. ಮುಕುಂದನ್. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯವು ಕೊಲೆ ಪ್ರಕರಣವೊಂದರಲ್ಲಿ ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ವಿಧಿಸುವಾಗ ಈ ಯಂತ್ರದ ವರದಿಯನ್ನೂ ನೆಚ್ಚಿಕೊಂಡಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕ ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿಯು, ಈ ವಿಧಾನಕ್ಕೆ ವೈಜ್ಞಾನಿಕ ಆಧಾರವಿಲ್ಲ, ಇದನ್ನು ಸಾಕ್ಷ್ಯವಾಗಿ ಬಳಸಬಾರದು ಎಂದಿತು. ಕೊನೆಗೆ 2010ರ ಮೇ 5ರಂದು, ನಮ್ಮ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಇಂತಹ ಪರೀಕ್ಷೆಗಳನ್ನು ನಡೆಸುವಂತಿಲ್ಲ ಎಂದು ತೀರ್ಪಿತ್ತಿತು. ಬಲವಂತದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ ಎಂಬುದನ್ನು ನಾವು ಮದ್ರಸಾದ ಫಿಕ್‌ಹ್ ಪಾಠದಲ್ಲೇ ಓದಿದವರು. ಆದ್ದರಿಂದ ಈ ತೀರ್ಪು ನಮಗೆ ಅಚ್ಚರಿ ತರಲಿಲ್ಲ. ಅಚ್ಚರಿ ತಂದದ್ದು ಅದು ಬಂದ ವೇಳೆ. ಯಂತ್ರ ಮೊದಲು ಬಂತು, ಶಿಕ್ಷೆ ಆಮೇಲೆ ಬಂತು, ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬಂತು.

ಇದು ಹೀಗೇಕಾಯಿತು? ಯಂತ್ರವನ್ನು ರೂಪಿಸುವುದಕ್ಕೆ ಹಣವಿತ್ತು, ಖರೀದಿಸುವುದಕ್ಕೂ ಹಣವಿತ್ತು. ಇದು ನ್ಯಾಯವೇ, ನಂಬಲರ್ಹವೇ ಎಂದು ಮೊದಲೇ ಪರಿಶೀಲಿಸುವ ಕೆಲಸಕ್ಕೆ ಮಾತ್ರ ಯಾರೂ ಹಣ ತೆಗೆದಿಟ್ಟಿರಲಿಲ್ಲ ಎಂದೇ ನಾವು ಭಾವಿಸುತ್ತೇವೆ.

ಹಣ ತೆಗೆದಿಟ್ಟ ಉದಾಹರಣೆ ಜಗತ್ತಿನಲ್ಲಿದೆ. 1990ರಲ್ಲಿ ಆರಂಭವಾದ ಮಾನವ ಜೀನೋಮ್ ಯೋಜನೆಯಲ್ಲಿ ಅಮೆರಿಕವು ಬಜೆಟಿನ ಶೇ. 3ರಷ್ಟನ್ನು, ಬಳಿಕ ಶೇ. 5ರಷ್ಟನ್ನು ನೈತಿಕ, ಕಾನೂನು ಮತ್ತು ಸಾಮಾಜಿಕ ಪರಿಣಾಮಗಳ ಅಧ್ಯಯನಕ್ಕೆಂದೇ ಮೀಸಲಿರಿಸಿತು. ಜೀನ್ ನೋಡಿ ನೌಕರಿ, ಆರೋಗ್ಯ ವಿಮೆಗಳಲ್ಲಿ ತಾರತಮ್ಯ ಮಾಡಬಾರದೆಂಬ 2008ರ ಅಲ್ಲಿನ ಕಾನೂನಿನ ಹಿಂದೆ ಆ ಚರ್ಚೆಗಳ ಪಾಲೂ ಇದೆ. 2013ರಲ್ಲಿ ಒಬಾಮಾ ಘೋಷಿಸಿದ 'ಬ್ರೈನ್' ಯೋಜನೆಯಲ್ಲೂ ನರನೀತಿಶಾಸ್ತ್ರಕ್ಕೆ ಅನುದಾನ ದೊರೆಯಿತು. ಆದರೆ ಆ ಯೋಜನೆಯ ಒಟ್ಟು ಮೊತ್ತವೇ 2023ರ 68 ಕೋಟಿ ಡಾಲರಿನಿಂದ 2024ರಲ್ಲಿ ಸುಮಾರು 40 ಕೋಟಿಗೆ ಕುಸಿಯಿತು. ಖಜಾನೆ ಬರಿದಾದಾಗ ಮೊದಲು ಕತ್ತರಿ ಬೀಳುವುದು ಯಾವುದಕ್ಕೆಂದು ಊಹಿಸುವುದು ಕಷ್ಟವಲ್ಲ.

ಇಂತಹ ಅಧ್ಯಯನಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಮಹಿಳೆಯೊಬ್ಬರ ಕತೆ ಹೇಳಬೇಕು. ಆಕೆಗೆ ಅಪಸ್ಮಾರ. ಮೂರ್ಛೆ ಬರುವ ಮೊದಲೇ ಎಚ್ಚರಿಸುವ ಸಾಧನವನ್ನು ನ್ಯೂರೋವಿಸ್ಟಾ ಎಂಬ ಅಮೆರಿಕದ ಕಂಪೆನಿಯು ಪ್ರಯೋಗಾರ್ಥವಾಗಿ ಆಕೆಯ ಮೆದುಳಿನ ಮೇಲೆ ಅಳವಡಿಸಿತು. ಆಕೆಯ ಬದುಕೇ ಬದಲಾಯಿತು. ಕಂಪೆನಿಯ ಹಣ ಮುಗಿಯಿತು. ಆಕೆಗೆ ಮನಸ್ಸಿಲ್ಲದಿದ್ದರೂ ಸಾಧನವನ್ನು ಶಸ್ತ್ರಚಿಕಿತ್ಸೆಯಿಂದ ಹೊರತೆಗೆಯಲಾಯಿತು. ಈ ಸಂಗತಿ ಜಗತ್ತಿಗೆ ತಿಳಿದದ್ದು ಕಂಪೆನಿಯ ವರದಿಯಿಂದಲ್ಲ. ಟಾಸ್ಮೇನಿಯಾ ವಿಶ್ವವಿದ್ಯಾಲಯದ ನೀತಿಶಾಸ್ತ್ರ ಸಂಶೋಧಕ ಫ್ರೆಡೆರಿಕ್ ಗಿಲ್ಬರ್ಟ್ ಆಕೆಯ ಮಾತುಗಳನ್ನು ಕೇಳಿ ದಾಖಲಿಸಿದ್ದರಿಂದ. ಮಾತು ಕೇಳಿಸಿಕೊಳ್ಳುವುದೂ ಒಂದು ಸಂಶೋಧನೆ. ಅದಕ್ಕೂ ವೇತನ ಬೇಕು, ವರ್ಷಗಳ ಸಮಯ ಬೇಕು.

ಆ ವೇತನವನ್ನು ಯಂತ್ರ ಮಾರುವವರೇ ಕೊಟ್ಟರೆ ಏನಾಗುತ್ತದೆ? ಫಲಿತಾಂಶದಲ್ಲಿ ಲಾಭವಿರುವವರ ಹಣದಿಂದ ನಡೆಯುವ ನೀತಿ ಸಂಶೋಧನೆಯು ಕ್ರಮೇಣ ಸರ್ಟಿಫಿಕೇಟ್ ಬರೆಯುವ ಕೆಲಸವಾಗಿಬಿಡುವ ಅಪಾಯವಿದೆ. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು. ಅದು ನಡೆದದ್ದು ವಕ್ಫ್ ಆದಾಯದಿಂದ, ರೋಗಿಯ ಜೇಬಿನಿಂದಲ್ಲ. ಪ್ರತಿಫಲ ಬಯಸದ ಹಣದ ಕಲ್ಪನೆ ನಮಗೆ ಹೊಸದೇನಲ್ಲ.

ನಮ್ಮ ನಾಡಿನತ್ತ ನೋಡೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರಕ್ಕೆ ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಟ್ರಸ್ಟ್ 225 ಕೋಟಿ ರೂಪಾಯಿ ನೀಡಿತು. ಈ ಔದಾರ್ಯ ಶ್ಲಾಘನೀಯ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮೆದುಳು, ರಕ್ತ, ನೆನಪುಗಳನ್ನು ಆ ಕೇಂದ್ರವು ವರ್ಷಾನುವರ್ಷ ಅಧ್ಯಯನ ಮಾಡುತ್ತಿದೆ. ಮರೆಗುಳಿತನದ ಮೂಲ ತಿಳಿಯಲು ಇದು ಅತ್ಯಗತ್ಯವೂ ಹೌದು. ಆದರೆ ಸಹಿ ಹಾಕುವ ಅಜ್ಜಿಗೆ ಆ ಕಾಗದದ ಅರ್ಥ ಎಷ್ಟರಮಟ್ಟಿಗೆ ತಲುಪುತ್ತದೆ? ಮರೆವು ಆವರಿಸಿದ ಮೇಲೆ ಆಕೆಯ ಪರವಾಗಿ ಒಪ್ಪಿಗೆ ಕೊಡುವವರಾರು? ಇಂತಹ ಪ್ರಶ್ನೆಗಳನ್ನು ಹೊರಗಿನವರೊಬ್ಬರು ಸ್ವತಂತ್ರವಾಗಿ, ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ ಕೇಳುವಂತಾಗಬೇಕು.

2025ರ ನವೆಂಬರ್‌ನಲ್ಲಿ ಸಮರಕಂದದಲ್ಲಿ ಯುನೆಸ್ಕೋ ನರತಂತ್ರಜ್ಞಾನದ ನೀತಿಯ ಬಗ್ಗೆ ಶಿಫಾರಸನ್ನು ಅಂಗೀಕರಿಸಿತು. ಶಿಫಾರಸಿಗೆ ಕಾನೂನಿನ ಬಲವಿಲ್ಲ. ನಾವು ಕೇಳುವುದು ಇಷ್ಟೇ: ಸರಕಾರವಿರಲಿ, ದಾನಿಗಳಿರಲಿ, ಮೆದುಳಿನ ಸಂಶೋಧನೆಗೆ ನೀಡುವ ಪ್ರತಿ ನೂರು ರೂಪಾಯಿಯಲ್ಲಿ ಐದನ್ನು ಈ ಪ್ರಶ್ನೆಗಳಿಗೆ ಮೀಸಲಿಡಲಿ, ಆ ಐದರ ಕೀಲಿಕೈ ಯಂತ್ರ ಮಾಡುವವರ ಕೈಯಲ್ಲಿರದಿರಲಿ. ನಮ್ಮ ಮಕ್ಕಳಲ್ಲಿ ವೈದ್ಯರು, ಇಂಜಿನಿಯರರು ಧಾರಾಳವಾಗಿ ಹೊರಬರುತ್ತಿದ್ದಾರೆ. ಕಾನೂನು, ತತ್ವಶಾಸ್ತ್ರ ಓದಿದ ಒಬ್ಬಿಬ್ಬರಾದರೂ ಈ ಕೆಲಸಕ್ಕೆ ಬರುವುದಾದರೆ, ಅವರ ವಿದ್ಯಾರ್ಥಿವೇತನದ ಹೊಣೆಯನ್ನು ನಮ್ಮ ಊರಿನ ಸಮಿತಿಗಳು ಹೊರಲು ಸಿದ್ಧವಿವೆಯೇ?