ಅಂಗಡಿಯ ಹಿಂದಿನ ಪೌರನೀತಿ

ನಮ್ಮ ಶಾಲೆಗಳಲ್ಲಿ ಪೌರನೀತಿಯೆಂಬುದು ಇತಿಹಾಸ ಭೂಗೋಳಗಳ ಮನೆಗೆ ಬಂದ ಬಡನೆಂಟನಂತಹ ವಿಷಯ. ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದು ಮರುದಿನ ಮರೆಯುವುದು ನಮ್ಮೆಲ್ಲರ ವಾಡಿಕೆ. ಆ ಪಾಠವೇ ಕೆಲವರ ಪಾಲಿಗೆ ಬದುಕಿನ ಪ್ರಶ್ನೆಯಾಗಿದ್ದ ಒಂದು ನಾಡಿನ ಉಪಾಧ್ಯಾಯಿನಿಯ ವಿಷಯವನ್ನು ಈ ಹೊತ್ತು ಹೇಳಬಯಸುತ್ತೇನೆ.

ಸೆಪ್ಟಿಮಾ ಕ್ಲಾರ್ಕ್ ಅವರು 1898ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್ನಿನಲ್ಲಿ ಜನಿಸಿದರು. ತಂದೆ ಗುಲಾಮರಾಗಿಯೇ ಹುಟ್ಟಿದವರು. ಆ ಪಟ್ಟಣದ ಸರಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳಿಗೆ ಪಾಠ ಹೇಳಲೂ ಕಪ್ಪು ಉಪಾಧ್ಯಾಯರಿಗೆ ಅವಕಾಶವಿರಲಿಲ್ಲವಾದ್ದರಿಂದ, 1916ರಲ್ಲಿ ಹದಿನೆಂಟರ ಆ ತರುಣಿ ದೋಣಿಯೇರಿ ಜಾನ್ಸ್ ದ್ವೀಪಕ್ಕೆ ಹೋದರು. ಇಬ್ಬರೇ ಉಪಾಧ್ಯಾಯಿನಿಯರು, ನೂರಕ್ಕೂ ಮಿಕ್ಕ ಮಕ್ಕಳು. ಹಗಲು ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಅಕ್ಷರಾಭ್ಯಾಸ. ತಾವು ಪದವಿ ಪಡೆದದ್ದು 1942ರಲ್ಲಿ, ನಾಲ್ವತ್ತು ದಾಟಿದ ಮೇಲೆ; ಎಂ.ಎ. ಮುಗಿಸಿದ್ದು 1946ರಲ್ಲಿ.

1956ರಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಸಂಘದ ಸದಸ್ಯತ್ವವನ್ನು ಸರಕಾರಿ ನೌಕರರು ಹೊಂದಕೂಡದೆಂದು ರಾಜ್ಯವು ಕಾನೂನು ಮಾಡಿತು. ಇವರು ಸದಸ್ಯತ್ವವನ್ನು ಮುಚ್ಚಿಡಲಿಲ್ಲ. ನಾಲ್ಕು ದಶಕಗಳ ವೃತ್ತಿ ಹೋಯಿತು. ನಿವೃತ್ತಿ ವೇತನವೂ ಹೋಯಿತು.

ಆಮೇಲೆ ನಡೆದುದೇ ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಾಗಿತ್ತು. ಓದು ಬಾರದವರನ್ನು ದೂರವಿಡುವ ಉಪಾಯವದು. ಟೆನೆಸಿಯ ಹೈಲ್ಯಾಂಡರ್ ಶಾಲೆಯ ನೆರವಿನಿಂದ 1957ರ ಜನವರಿಯಲ್ಲಿ ಜಾನ್ಸ್ ದ್ವೀಪದಲ್ಲಿ ರಾತ್ರಿ ಪಾಠ ಮೊದಲಾಯಿತು. ಮುಂದೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಶಾಲೆ. ಬಿಳಿಯರಿಗೆ ಸಂದೇಹ ಬಾರದಿರಲೆಂದು ಈ ಏರ್ಪಾಡು. ಪಾಠ ಹೇಳಲು ಆರಿಸಿದ್ದು ತರಬೇತಿ ಪಡೆದ ಶಿಕ್ಷಕರನ್ನಲ್ಲ, ಕೇಶಾಲಂಕಾರದ ವೃತ್ತಿಯ ಬರ್ನೀಸ್ ರಾಬಿನ್ಸನ್ ಎಂಬ ಬಂಧುವನ್ನು. ಓದಿದ ಮೇಷ್ಟರು ದ್ವೀಪದವರ ಆಡುಮಾತನ್ನು ತಿದ್ದುತ್ತ ಕುಳಿತಾರೆಂಬ ಅಂಜಿಕೆಯಿತ್ತು. ನಮ್ಮಂಥವರಿಗೆ ಈ ಮಾತು ಕಹಿಯಾದರೂ, ಒಪ್ಪದೆ ವಿಧಿಯಿಲ್ಲ.

ರಾಬಿನ್ಸನ್ ಮೊದಲು ಮಕ್ಕಳ ಪಾಠಪುಸ್ತಕಗಳನ್ನು ತಂದಿದ್ದರು. ದುಡಿದು ದಣಿದ ವಯಸ್ಕರ ಕೈಗೆ ಅವನ್ನು ಕೊಡಲಾಗದೆ ಬದಿಗಿಟ್ಟು, 'ನಿಮಗೆ ಏನು ಕಲಿಯಬೇಕು?' ಎಂದು ಕೇಳಿದರು. ಬಂದವರು ಹದಿನಾಲ್ಕು ಮಂದಿ. ಒಬ್ಬರಿಗೆ ತಮ್ಮ ಹೆಸರು ಬರೆಯಬೇಕು, ಇನ್ನೊಬ್ಬರಿಗೆ ಬೈಬಲ್ ಓದಬೇಕು, ಮತ್ತೊಬ್ಬರಿಗೆ ಮನಿಯಾರ್ಡರ್ ಫಾರಮು ತುಂಬಬೇಕು. ಅವೇ ಪಾಠಗಳಾದವು, ಅವುಗಳ ಜೊತೆಗೆ ಸಂವಿಧಾನವೂ ಬಂತು. ಹೆಸರು ಬರೆಯಬಲ್ಲವರು ನೋಂದಣಿಯ ಕಚೇರಿಗೂ ನಡೆದರು. ಇಂತಹ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದವು. 1961ರಿಂದ ಮಾರ್ಟಿನ್ ಲೂಥರ್ ಕಿಂಗರ ಸಂಸ್ಥೆ ಅವುಗಳ ಹೊಣೆ ಹೊತ್ತಿತು. ಕ್ಲಾರ್ಕ್ ಊರೂರು ತಿರುಗಿ, ಕಲಿಸುವವರನ್ನು ಹುಡುಕಿ ಸಿದ್ಧಗೊಳಿಸಿದರು.

1975ರಲ್ಲಿ ಚಾರ್ಲ್ಸ್‌ಟನ್ನಿನ ಜನ ಅವರನ್ನು ತಮ್ಮ ಶಾಲಾ ಮಂಡಳಿಗೆ ಚುನಾಯಿಸಿದರು. ಕಳೆದುಹೋಗಿದ್ದ ನಿವೃತ್ತಿ ವೇತನ ಮರಳಿ ಬಂದಾಗ 1976. ಅವರಿಗೆ ಆಗ ಎಪ್ಪತ್ತೆಂಟರ ಆಸುಪಾಸು.