ಕಡ್ಡಿ ಕಂತೆಯಿಂದ ಲೆಕ್ಕ, ಲೋಟದಿಂದ ವಿಜ್ಞಾನ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವಾರ ವಾರ ಸಂಘದಲ್ಲಿ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ನೋಡುವವರು ನೀವು. ಇವತ್ತು ನಿಮ್ಮ ಮಕ್ಕಳ ಲೆಕ್ಕದ ಬಗ್ಗೆ ನಾಲ್ಕು ಮಾತು ಹೇಳಲು ಬಯಸುತ್ತೇನೆ.

ಒಂದು ಸಂಘದ ಸಭೆಗೆ ಹೋಗಿದ್ದಾಗ ಒಬ್ಬ ತಾಯಿ ನಾಲ್ಕನೇ ತರಗತಿಯ ಮಗಳನ್ನು ಕರೆತಂದಿದ್ದರು. "ಇವಳು ದಡ್ಡಿ ಮೇಡಂ, ಲೆಕ್ಕ ತಲೆಗೇ ಹತ್ತಲ್ಲ. ಏಳನೇ ಕ್ಲಾಸ್ ಆದ್ಮೇಲೆ ಸ್ಕೂಲು ಬಿಡಿಸ್ತೀನಿ" ಅಂದರು. ಮಗು ತಲೆ ತಗ್ಗಿಸಿ ನಿಂತಿತ್ತು. ಸ್ಲೇಟಿನಲ್ಲಿ 32ರಿಂದ 17 ಕಳೆದು 25 ಎಂದು ಬರೆದಿತ್ತು. ನಾನು ಕೇಳಿದೆ: "32 ರೂಪಾಯಿ ತಗೊಂಡು ಅಂಗಡಿಗೆ ಹೋಗಿ 17 ರೂಪಾಯಿ ಖರ್ಚು ಮಾಡಿದೆ. ಎಷ್ಟು ಉಳೀತು ಪುಟ್ಟಿ?" ಬೆರಳು ಮಡಚಿ ಎಣಿಸಿ "ಹದಿನೈದು" ಅಂದಳು!

ನೋಡಿ, ಮಗು ದಡ್ಡಿ ಅಲ್ಲ. ಎರಡರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲೇ ಎರಡನ್ನು ಕಳೆದಿದ್ದಳು. "ಪಕ್ಕದ ಮನೆಯಿಂದ ಒಂದು ಸಾಲ ತಗೋ" ಅಂತ ನಮಗೂ ಹೇಳಿಕೊಟ್ಟಿದ್ದರು. ಸಾಲ ತಂದದ್ದು ಒಂದು, ಕೈಗೆ ಬಂದದ್ದು ಹತ್ತು! ಯಾವ ಬ್ಯಾಂಕಿನಲ್ಲಿ ಹೀಗೆ ಕೊಡ್ತಾರೆ ಹೇಳಿ? ಮಗುವಿಗೆ ಗೊಂದಲ ಆಗೋದು ಇಲ್ಲೇ.

ಇದಕ್ಕೆ ಪೊರಕೆ ಕಡ್ಡಿ ಸಾಕು. ಹತ್ತು ಹತ್ತು ಕಡ್ಡಿ ಸೇರಿಸಿ ಕಂತೆ ಕಟ್ಟಿ. 32 ಅಂದರೆ ಮೂರು ಕಂತೆ, ಎರಡು ಬಿಡಿ ಕಡ್ಡಿ. ಏಳು ಕಡ್ಡಿ ತೆಗೆಯಲು ಬಿಡಿ ಸಾಲದು. ಒಂದು ಕಂತೆಯನ್ನು ಮಗುವೇ ಬಿಚ್ಚಲಿ. ಈಗ 12 ಬಿಡಿ. ಏಳು ತೆಗೆದರೆ ಐದು. ಉಳಿದ ಎರಡು ಕಂತೆಯಲ್ಲಿ ಒಂದನ್ನು ತೆಗೆದರೆ ಒಂದು ಕಂತೆ. ಉತ್ತರ 15. ಆಮೇಲೆ ಅದನ್ನೇ ಸ್ಲೇಟಿನಲ್ಲಿ ಬರೆಸಿ. ಕೈಯಲ್ಲಿ ಮಾಡಿದ್ದನ್ನು ಬರೆಯಲೂ ಕಲಿಯಬೇಕು. ಮಗ್ಗಿಯೂ ಬೇಕು, ಆದರೆ ಅರ್ಥವಾದ ಮೇಲೆ.

ಅರ್ಧ, ಕಾಲು ಕಲಿಸಲು ರೊಟ್ಟಿಯನ್ನೇ ಮುರಿಯಿರಿ. ನಾಲ್ಕು ದೊಡ್ಡ ಸಂಖ್ಯೆ, ಆದ್ದರಿಂದ ಕಾಲು ಭಾಗವೇ ದೊಡ್ಡದು ಅಂತ ಎಷ್ಟೋ ಮಕ್ಕಳು ತಿಳಿಯುತ್ತಾರೆ. ಹಸಿದ ಮಗು ರೊಟ್ಟಿಯಲ್ಲಿ ಆ ತಪ್ಪು ಮಾಡೋದಿಲ್ಲ!

ವಿಜ್ಞಾನವೂ ಹಾಗೆಯೇ. ಲೋಟದ ತಳಕ್ಕೆ ಒಣ ಕಾಗದ ಒತ್ತಿಟ್ಟು, ಲೋಟವನ್ನು ಬೋರಲು ಮಾಡಿ ನೇರವಾಗಿ ಬಕೆಟ್ ನೀರಿನಲ್ಲಿ ಮುಳುಗಿಸಿ. "ಕಾಗದ ನೆನೆಯುತ್ತಾ?" ಅಂತ ಮೊದಲೇ ಕೇಳಿ. ನೇರವಾಗಿಯೇ ಮೇಲೆತ್ತಿದರೆ ಕಾಗದ ಒಣಗಿಯೇ ಇರುತ್ತದೆ. ಖಾಲಿ ಲೋಟದಲ್ಲಿ ಗಾಳಿ ಇತ್ತು, ಅದು ನೀರಿಗೆ ಜಾಗ ಬಿಡಲಿಲ್ಲ. ಇನ್ನೊಮ್ಮೆ ಲೋಟ ಓರೆ ಮಾಡಿ, ಗುಳುಗುಳು ಅಂತ ಗಾಳಿ ಹೊರಗೆ ಬರುವುದು ಕಾಣುತ್ತದೆ. ಉತ್ತರ ಹೇಳಲು ಅವಸರ ಬೇಡ, ಮಗು ಯೋಚಿಸಲಿ.

"ಶಾಲೇಲಿ ಪಾಠ ಇಲ್ಲ, ಬರೀ ಆಟ" ಅಂತ ಕೆಲವರು ದೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ, ನಂತರ 4 ಮತ್ತು 5ನೇ ತರಗತಿಗೆ ಬಂದ ಗಣಿತ ಕಲಿಕಾ ಆಂದೋಲನ, ಎರಡೂ ಇದೇ ನಂಬಿಕೆಯ ಮೇಲೆ ನಿಂತಿವೆ. ಮಣಿಚೌಕಟ್ಟು, ಭಿನ್ನರಾಶಿ ಪಟ್ಟಿಗಳಿರುವ ಕಿಟ್ ಶಾಲೆಗೆ ಬಂದಿದ್ದರೆ ಅದು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರಬಾರದು, ಮಕ್ಕಳ ಕೈಯಲ್ಲಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಆ ಸಭೆಗೆ ಹೋಗಿ, ಜಗಳವಾಡದೆ ಕೇಳಿ: "ಟೀಚರ್, ಈ ವಾರ ಮಕ್ಕಳು ಕೈಯಾರೆ ಏನು ಮಾಡಿದರು?"

ಆ ದಿನ ಪುಟ್ಟಿ ತಾನೇ ಕಂತೆ ಬಿಚ್ಚಿ ಎಣಿಸಿ, 25 ಅಳಿಸಿ 15 ಬರೆದಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ದಡ್ಡಿ ಅನ್ನಲ್ಲ ಮೇಡಂ" ಅಂದರು. ನಾವೂ ಇಂದು ಅದೇ ತೀರ್ಮಾನ ಮಾಡಿ ಮನೆಗೆ ಹೋಗೋಣ.